ಹಿತ್ತಲ ಹಣ್ಣು, ಊರ ನೊಣ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, "ನೀವು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಕಂಪ್ಯೂಟರ್ ವಿಷಯ ಹೇಳುವವರು ನನಗಿಂತ ಬುದ್ಧಿವಂತರು ಬಹಳ ಜನ ಇದ್ದಾರೆ, ಯೂಟ್ಯೂಬಿನಲ್ಲೂ ಸಿಗುತ್ತಾರೆ. ನಾನು ಅವರಲ್ಲಿ ಬೇರೆ ವಿಷಯಕ್ಕೆ ಅಪ್ಪಣೆ ಕೇಳಿದೆ. ಇವತ್ತು ಹಿತ್ತಲಿನ ಹಣ್ಣಿನ ಗಿಡಗಳ ಬಗ್ಗೆ, ಅವುಗಳಿಗೆ ಬೀಳುವ ಹುಳದ ಬಗ್ಗೆ ಮಾತಾಡುತ್ತೇನೆ.

ಕಾರಣ ಇದೆ. ನಾನು ತಿಂಗಳಿಗೆ ಎರಡು ಸಲ ಊರಿಗೆ ಬರುತ್ತೇನೆ. ನಾವು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ನಮ್ಮ ಬೀದಿಯಲ್ಲಿ ಸೀಬೆಮರ ಇಲ್ಲದ ಹಿತ್ತಲು ಅಪರೂಪ. ಈಗ ನಮ್ಮ ಮನೆಯದ್ದೂ ಸೇರಿ ನಾಲ್ಕು ಮರ ಉಳಿದಿವೆ. ಮನೆ ಕಟ್ಟಲು ಜಾಗ ಬೇಕೆಂದು ಕೆಲವು ಹೋದವು, ಸರಿ. ಆದರೆ "ಹಣ್ಣಿನ ತುಂಬಾ ಹುಳ, ಒಂದೂ ಬಾಯಿಗೆ ಇಡೋಕಾಗಲ್ಲ, ಕಸ ಬೇರೆ" ಎಂದು ಕಡಿಸಿದವೇ ಹೆಚ್ಚು. ಕಡಿಸದವರ ಪೈಕಿ ಕೆಲವರು ಹೊಲಕ್ಕೆ ತಂದ ಔಷಧಿಯಲ್ಲಿ ಉಳಿದದ್ದನ್ನು ಮರಕ್ಕೆ ಹೊಡೆಯುತ್ತಾರೆ. ಎರಡನ್ನೂ ಮಾಡಬೇಕಾಗಿಲ್ಲ ಎಂದು ಹೇಳುವುದಕ್ಕೇ ನಾನು ಇಲ್ಲಿ ನಿಂತಿರುವುದು.

ಮೊದಲು ಒಂದು ಸಣ್ಣ ವಿಜ್ಞಾನ ಪಾಠ. ಮಕ್ಕಳೇ, ಬೆರ್ರಿ ಅಂದರೆ ನಿಮಗೆ ನೆನಪಾಗುವುದು ಸ್ಟ್ರಾಬೆರಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸ್ಟ್ರಾಬೆರಿ ನಿಜವಾದ ಬೆರ್ರಿಯೇ ಅಲ್ಲ! ಒಂದು ಹೂವಿನ ಒಂದೇ ಅಂಡಾಶಯ ಬೆಳೆದು, ಒಳಗೆಲ್ಲ ತಿರುಳಾಗಿ, ಗಟ್ಟಿ ಓಟೆಯಿಲ್ಲದೆ ಬೀಜ ತಿರುಳಿನಲ್ಲೇ ಕೂತಿದ್ದರೆ ಅದು ಬೆರ್ರಿ. ಹಾಗೆ ನೋಡಿದರೆ ದ್ರಾಕ್ಷಿ ಬೆರ್ರಿ, ಸೀಬೆ ಬೆರ್ರಿ, ಟೊಮೆಟೊ ಬೆರ್ರಿ, ಬದನೆಕಾಯಿ ಕೂಡ ಬೆರ್ರಿ. ನಮ್ಮ ಹಿಪ್ಪುನೇರಳೆ ಹಣ್ಣು ಅನೇಕ ಪುಟ್ಟ ಹೂಗಳು ಸೇರಿ ಆದ ಸಂಯುಕ್ತ ಹಣ್ಣು. ಹೆಸರು ಏನೇ ಇರಲಿ, ಈ ಜಾತಿಯ ಹಣ್ಣುಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಸಿಪ್ಪೆ ತೆಳು, ಒಳಗೆ ಮೆತ್ತನೆಯ ಸಿಹಿ ತಿರುಳು. ನಮಗೆ ಇಷ್ಟವಾಗುವ ಆ ಗುಣವೇ ಹುಳಕ್ಕೂ ಇಷ್ಟ.

ಈಗ ಸೀಬೆಯ ವಿಷಯಕ್ಕೆ ಬರೋಣ. ಸೀಬೆಯೊಳಗೆ ಕಾಣುವ ಬಿಳಿ ಹುಳ ಎಲ್ಲಿಂದ ಬರುತ್ತದೆ? ಮಳೆ ಜಾಸ್ತಿಯಾದರೆ ತಾನಾಗಿ ಹುಟ್ಟುತ್ತದೆ ಎಂದು ನಂಬಿರುವವರು ಈಗಲೂ ಇದ್ದಾರೆ. ಅದು ಹಣ್ಣು ನೊಣದ ಮರಿ. ಮನೆಯ ನೊಣಕ್ಕಿಂತ ಸ್ವಲ್ಪ ತೆಳ್ಳಗೆ, ಕಣಜದ ಹಾಗೆ ಕಾಣುವ, ಕಂದು ಹಳದಿ ಬಣ್ಣದ ನೊಣ. ವಿಜ್ಞಾನಿಗಳು ಇದನ್ನು ಬ್ಯಾಕ್ಟ್ರೊಸೆರ ಡಾರ್ಸಾಲಿಸ್ ಎನ್ನುತ್ತಾರೆ. ಮಾವಿನ ಹಣ್ಣಿನೊಳಗೆ ಹುಳ ಮಾಡುವುದೂ ಇದೇ.

ಇದರ ಬದುಕನ್ನು ನಾಲ್ಕು ಹಂತಗಳಲ್ಲಿ ನೋಡಿ. ಹೆಣ್ಣು ನೊಣ ಬಲಿತು ಬಣ್ಣ ತಿರುಗುತ್ತಿರುವ ಹಣ್ಣಿನ ಮೇಲೆ ಕೂತು, ಬಾಲದ ತುದಿಯ ಸೂಜಿಯಂಥ ಅಂಗದಿಂದ ಸಿಪ್ಪೆ ಚುಚ್ಚಿ, ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನಕ್ಕೆ ಮೊಟ್ಟೆ ಒಡೆದು ಮರಿ ಬರುತ್ತದೆ. ಅದು ಹೆಚ್ಚುಕಡಿಮೆ ಒಂದು ವಾರ ತಿರುಳು ತಿನ್ನುತ್ತದೆ. ಅಷ್ಟರಲ್ಲಿ ಹಣ್ಣು ಕೊಳೆತು ನೆಲಕ್ಕೆ ಬೀಳುತ್ತದೆ. ಮರಿ ಹಣ್ಣಿನಿಂದ ಹೊರಬಂದು, ಮಣ್ಣಿನಲ್ಲಿ ಒಂದೆರಡು ಅಂಗುಲ ಕೆಳಗಿಳಿದು, ಗೋಧಿ ಕಾಳಿನಂಥ ಕೋಶವಾಗುತ್ತದೆ. ಸುಮಾರು ಹತ್ತು ದಿನಕ್ಕೆ ಆ ಕೋಶದಿಂದ ಹೊಸ ನೊಣ ಹಾರುತ್ತದೆ. ಒಂದು ಹೆಣ್ಣು ನೊಣ ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆ ಇಡಬಲ್ಲದು.

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಪ್ರೋಗ್ರಾಮ್ ಕೆಟ್ಟರೆ, ಪರದೆಯ ಮೇಲೆ ಕಾಣುವ ತೊಂದರೆಯನ್ನು ಬಿಟ್ಟು, ಅದು ಹುಟ್ಟಿದ ಜಾಗವನ್ನು ಹುಡುಕುತ್ತೇವೆ. ಅದೇ ರೀತಿ ಇಲ್ಲಿ ನೋಡಿ. ನಾಲ್ಕು ಹಂತಗಳಲ್ಲಿ ಮೊಟ್ಟೆ ಸಿಪ್ಪೆಯ ಕೆಳಗೆ, ಮರಿ ಹಣ್ಣಿನೊಳಗೆ, ಕೋಶ ಮಣ್ಣಿನೊಳಗೆ. ಹೊರಗಿರುವುದು ರೆಕ್ಕೆಯ ನೊಣ ಮಾತ್ರ, ಅದೂ ಹಾರಿಕೊಂಡು ಓಡಾಡುತ್ತಿರುತ್ತದೆ. ಮರದ ಮೇಲೆ ಔಷಧಿ ಹೊಡೆದರೆ ಮೂರು ಹಂತಗಳು ಅದರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಇವತ್ತು ನಾಲ್ಕು ನೊಣ ಸತ್ತರೆ ನಾಳೆ ಪಕ್ಕದ ಹಿತ್ತಲಿನಿಂದ ಎಂಟು ಬರುತ್ತವೆ.

ಆ ಔಷಧಿ ನಮಗೆ ಏನು ಮಾಡುತ್ತದೆ ಎನ್ನುವುದು ಇದಕ್ಕಿಂತ ದೊಡ್ಡ ಮಾತು. ಕೀಟನಾಶಕದ ಡಬ್ಬಿಯ ಮೇಲೆ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಓದು ಬರಹ ಬಾರದವರಿಗೂ ತಿಳಿಯಲೆಂದೇ ಬಣ್ಣ ಇಟ್ಟಿದ್ದಾರೆ. ಯಾವ ಬೆಳೆಗೆ ಹೊಡೆಯಬೇಕು, ಹೊಡೆದ ಮೇಲೆ ಎಷ್ಟು ದಿನ ಕಾದು ಕೊಯ್ಯಬೇಕು ಎಂಬುದೂ ಜೊತೆಯ ಚೀಟಿಯಲ್ಲಿ ಇರುತ್ತದೆ. ಹೊಲದ ಬೆಳೆಗೆ ಕಾಯಬಹುದು. ಹಿತ್ತಲ ಸೀಬೆಗೆ ಯಾರು ಕಾಯುತ್ತಾರೆ? ಶಾಲೆಯಿಂದ ಬಂದ ಹುಡುಗ ಚೀಲ ಎಸೆದು, ಮರ ಹತ್ತಿ, ಹಣ್ಣನ್ನು ಅಂಗಿಗೆ ಒರೆಸಿ ಕಚ್ಚುತ್ತಾನೆ. ನಾವೆಲ್ಲ ಹಾಗೆಯೇ ತಿಂದವರು. ಮಕ್ಕಳು ಮರದಿಂದ ನೇರವಾಗಿ ತಿನ್ನುವ ಹಣ್ಣಿಗೆ ವಿಷ ಹೊಡೆಯಬಾರದು. ಇದಕ್ಕೆ ಬೇರೆ ಲೆಕ್ಕಾಚಾರ ಬೇಡ.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ, ಅದು ನಿಮಗೇ ಚೆನ್ನಾಗಿ ಗೊತ್ತು. ನಮ್ಮದು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೊತ್ತುಕೊಂಡು ಹೋಗುವ ಊರು. ಸೀಬೆಮರಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆ ಹುಳುವಿಗೆ ಆಯುಸ್ಸು ಮುಗಿಯಿತು. ನಾಲ್ಕನೇ ಜ್ವರ ಎದ್ದು, ಇನ್ನೇನು ಒಂದು ವಾರದಲ್ಲಿ ಚಂದ್ರಿಕೆಗೆ ಬಿಡಬೇಕಾದ ಹುಳು ಕಣ್ಣೆದುರೇ ಸಾಯುವುದನ್ನು ನೋಡಿದ ತಾಯಂದಿರು ಇಲ್ಲಿ ಕೂತಿದ್ದೀರಿ. ಒಂದು ಮಂಕರಿ ಸೀಬೆಗಾಗಿ ಪಕ್ಕದ ಮನೆಯ ತಿಂಗಳ ದುಡಿಮೆ ಹೋಗಬಾರದು. ಬೇವಿನೆಣ್ಣೆ ಪರವಾಗಿಲ್ಲ ಎಂದು ಕೆಲವರು ಹೇಳುತ್ತಾರೆ. ಮನುಷ್ಯರಿಗೆ ಅದು ವಾಸಿ ಇರಬಹುದು, ರೇಷ್ಮೆ ಹುಳುವಿಗೆ ಬೇವೂ ಆಗಿಬರುವುದಿಲ್ಲ. ಸೊಪ್ಪಿನ ತೋಟದ ಪಕ್ಕದಲ್ಲಿ ಅದನ್ನೂ ಹೊಡೆಯಬೇಡಿ.

ಹಾಗಾದರೆ ಏನು ಮಾಡಬೇಕು? ನಾಲ್ಕು ಕೆಲಸ ಹೇಳುತ್ತೇನೆ. ನಾಲ್ಕಕ್ಕೂ ಸೇರಿ ಖರ್ಚು ಕಡಿಮೆ.

ಒಂದು, ಬಿದ್ದ ಹಣ್ಣು ಆರಿಸುವುದು. ಎರಡು ದಿನಕ್ಕೊಮ್ಮೆ ಮರದ ಕೆಳಗಿನ ಹಣ್ಣನ್ನು, ಮರದಲ್ಲೇ ಕೊಳೆಯುತ್ತಿರುವ ಹಣ್ಣನ್ನು ತೆಗೆಯಬೇಕು. ತೆಗೆದು ತಿಪ್ಪೆಗೆ ಎಸೆದರೆ ಪ್ರಯೋಜನವಿಲ್ಲ. ತಿಪ್ಪೆಯ ಮೆತ್ತನೆಯ ಗೊಬ್ಬರದಲ್ಲಿ ಕೋಶ ಇನ್ನೂ ಸುಖವಾಗಿ ಬೆಳೆಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಎರಡು ವಾರ ಬಿಸಿಲಿಗೆ ಇಡಿ. ಒಳಗಿನ ಶಾಖಕ್ಕೆ ಹುಳ ಸಾಯುತ್ತದೆ. ಇಲ್ಲವೆಂದರೆ ಎರಡಡಿ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ ತುಳಿಯಿರಿ. ನಾಲ್ಕು ಕೆಲಸಗಳಲ್ಲಿ ಇದೇ ಮುಖ್ಯ. ಉಳಿದ ಮೂರೂ ಇದರ ಬೆಂಬಲಕ್ಕೆ.

ಎರಡು, ಮರದ ಬುಡದ ಮಣ್ಣನ್ನು ವಾರಕ್ಕೊಮ್ಮೆ ಮೇಲಮೇಲೆ ಕೆದಕುವುದು. ಒಳಗಿನ ಕೋಶ ಮೇಲೆ ಬಂದರೆ ಬಿಸಿಲು, ಇರುವೆ, ಹಕ್ಕಿ ನೋಡಿಕೊಳ್ಳುತ್ತವೆ. ಕೋಳಿ ಸಾಕಿರುವವರಿಗೆ ಈ ಕೆಲಸವೂ ಇಲ್ಲ. ಕೋಳಿಗಳನ್ನು ಮರದ ಕೆಳಗೆ ಬಿಟ್ಟರೆ ಸಾಕು, ಅವು ನಮಗಿಂತ ಚೆನ್ನಾಗಿ ಕೆದಕುತ್ತವೆ.

ಮೂರು, ಹಣ್ಣಿಗೆ ಚೀಲ ಕಟ್ಟುವುದು. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಾಗ, ಇನ್ನೂ ಗಟ್ಟಿಯಾಗಿರುವಾಗ, ಹಳೆಯ ಸೊಳ್ಳೆಪರದೆ ಅಥವಾ ತೆಳು ಬಟ್ಟೆಯ ಚೀಲ ಹೊಲಿದು ತೊಟ್ಟಿಗೆ ಕಟ್ಟಬೇಕು. ಮಳೆ ಇಲ್ಲದಿದ್ದರೆ ಹಳೆಯ ಪೇಪರಿನ ಪೊಟ್ಟಣವೂ ನಡೆಯುತ್ತದೆ. ಬಣ್ಣ ತಿರುಗಿದ ಮೇಲೆ ಕಟ್ಟಿದರೆ ಮೊಟ್ಟೆಯನ್ನೂ ಒಳಗೇ ಕಟ್ಟಿದಂತೆ. ಇಡೀ ಮರಕ್ಕೆ ಕಟ್ಟಲು ಆಗದಿದ್ದರೆ ಕೈಗೆ ಎಟುಕುವ ಮೂವತ್ತು ನಲವತ್ತು ಕಾಯಿಗೆ ಕಟ್ಟಿ. ಮಳೆಗಾಲದ ಬೆಳೆಗೆ ನೊಣದ ಕಾಟ ಹೆಚ್ಚು, ಚಳಿಗಾಲದ ಬೆಳೆಗೆ ಕಡಿಮೆ. ಆದ್ದರಿಂದ ಚೀಲದ ಶ್ರಮವನ್ನು ಮಳೆಗಾಲಕ್ಕೆ ಮೀಸಲಿಡಿ.

ನಾಲ್ಕು, ಮೋಹಕ ಬಲೆ. ಇದರ ಹಿಂದೆ ಒಂದು ಕಥೆಯಿದೆ, ಅದೂ ನಮ್ಮ ದೇಶದಲ್ಲಿ ನಡೆದದ್ದು. ಬಿಹಾರದ ಪೂಸಾದಲ್ಲಿ ಆಗಿನ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರಿದ್ದರು. ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಹಣ್ಣು ನೊಣಗಳು ಬಂದು ಮುತ್ತುತ್ತವೆ, ಹಾಗೆ ಬರುವುದು ಬರೀ ಗಂಡು ನೊಣಗಳು ಎಂದು ಅವರು 1912ರಲ್ಲಿ ಬರೆದರು. ಆ ಎಣ್ಣೆಯಲ್ಲಿ ಗಂಡನ್ನು ಸೆಳೆಯುವ ವಸ್ತು ಮಿಥೈಲ್ ಯೂಜಿನಾಲ್ ಎಂದು 1915ರಲ್ಲಿ ತೋರಿಸಿದರು. ನೂರು ವರ್ಷ ದಾಟಿದರೂ ಹಣ್ಣು ನೊಣದ ಬಲೆಗೆ ಇವತ್ತಿಗೂ ಅದೇ ವಸ್ತು. ನಮ್ಮ ತುಳಸಿ ಎಲೆಯಲ್ಲೂ ಅದು ಇದೆ.

ಬಲೆ ಈಗ ಗೊಬ್ಬರದ ಅಂಗಡಿಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಮನೆಯಲ್ಲಿ ಮಾಡಿಕೊಳ್ಳುವುದಾದರೆ ನೀರಿನ ಬಾಟಲಿಯ ಮೇಲ್ಭಾಗದಲ್ಲಿ ಬೆರಳು ಗಾತ್ರದ ಎರಡು ಮೂರು ತೂತು ಮಾಡಿ, ಆ ಮದ್ದಿನಲ್ಲಿ ನೆನೆಸಿದ ಸಣ್ಣ ಮರದ ತುಂಡನ್ನು ಒಳಗೆ ತೂಗುಬಿಟ್ಟು, ತಳದಲ್ಲಿ ಸ್ವಲ್ಪ ಸೋಪಿನ ನೀರು ಹಾಕಿ, ಆಳೆತ್ತರದಲ್ಲಿ ನೆರಳಿಗೆ ಕಟ್ಟಿ. ಮದ್ದು ಸಿಗದಿದ್ದರೆ ಒಂದು ಹಿಡಿ ತುಳಸಿ ಜಜ್ಜಿ ಹಾಕಬಹುದು, ವಾಸನೆ ಬೇಗ ಹೋಗುವುದರಿಂದ ಮತ್ತೆ ಮತ್ತೆ ಬದಲಾಯಿಸಬೇಕು. ಒಂದು ಮಾತು ನೆನಪಿಡಿ. ಹೀರೆ, ಹಾಗಲ, ಸೌತೆಯನ್ನು ಕೆಡಿಸುವ ನೊಣ ಬೇರೆ ಜಾತಿ. ಅದು ಈ ವಾಸನೆಗೆ ಬರುವುದಿಲ್ಲ. ಅದಕ್ಕೆ ಕ್ಯೂಲ್ಯೂರ್ ಎಂಬ ಬೇರೆ ಮದ್ದು ಕೇಳಿ ತರಬೇಕು.

ಈಗ ಬುದ್ಧಿವಂತ ಮಕ್ಕಳು ಒಂದು ಪ್ರಶ್ನೆ ಕೇಳಬೇಕು. ಬಲೆಗೆ ಬೀಳುವುದು ಗಂಡು ನೊಣ, ಹಣ್ಣು ಚುಚ್ಚುವುದು ಹೆಣ್ಣು ನೊಣ. ಹಾಗಾದರೆ ಬಲೆಯಿಂದ ಏನು ಉಪಯೋಗ? ಗಂಡುಗಳು ಮುಗಿದರೆ ಹೆಣ್ಣು ಕೂಡುವುದಿಲ್ಲ, ಮೊಟ್ಟೆಗೆ ಜೀವ ಬರುವುದಿಲ್ಲ. ಉಪಯೋಗ ಆಗುವುದು ಹಾಗೆ. ಆದರೆ ನನ್ನ ಹಿತ್ತಲಲ್ಲಿ ಒಂದೇ ಬಲೆ ಕಟ್ಟಿ ಸುಮ್ಮನೆ ಕೂತರೆ, ಪಕ್ಕದ ಬೀದಿಯಲ್ಲಿ ಆಗಲೇ ಕೂಡಿದ ಹೆಣ್ಣು ಕಾಂಪೌಂಡು ದಾಟಿ ನನ್ನ ಮರಕ್ಕೆ ಬರುತ್ತದೆ. ನೊಣಕ್ಕೆ ಖಾತೆ, ಪಹಣಿ, ಚೆಕ್ಕುಬಂದಿ ಯಾವುದೂ ಇಲ್ಲ. ಪೆಸಿಫಿಕ್ ಸಾಗರದಲ್ಲಿ ರೋಟಾ ಎಂಬ ಸಣ್ಣ ದ್ವೀಪವಿದೆ. 1960ರ ದಶಕದ ಆರಂಭದಲ್ಲಿ ಆ ದ್ವೀಪದ ಉದ್ದಗಲಕ್ಕೂ ಮಿಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ತುಂಡುಗಳನ್ನು ಹಾಕಿ ಈ ನೊಣವನ್ನು ಪೂರ್ತಿ ಇಲ್ಲವಾಗಿಸಿದರು. ಸುತ್ತ ಸಮುದ್ರ ಇತ್ತು, ಇಡೀ ದ್ವೀಪದಲ್ಲಿ ಒಟ್ಟಿಗೆ ಮಾಡಿದರು, ಅದಕ್ಕೇ ಆಯಿತು. ನಮ್ಮ ಊರು ದ್ವೀಪವಲ್ಲ, ಪೂರ್ತಿ ಇಲ್ಲವಾಗಿಸಲು ಆಗದು. ಬೀದಿಯವರೆಲ್ಲ ಒಟ್ಟಿಗೆ ಮಾಡಿದರೆ ತಿನ್ನುವಷ್ಟು ಹಣ್ಣು ಖಂಡಿತ ಉಳಿಸಬಹುದು.

ಹುಳಕ್ಕೆ ಬೀದಿ ಏಕೆ, ದೇಶದ ಗಡಿಯೂ ಲೆಕ್ಕವಿಲ್ಲ. ನಮ್ಮ ಏಷ್ಯಾದ ಈ ಸೀಬೆ ನೊಣ 2003ರಲ್ಲಿ ಆಫ್ರಿಕದ ಕೀನ್ಯಾದಲ್ಲಿ ಕಾಣಿಸಿಕೊಂಡು, ಮುಂದೆ ಆ ಖಂಡದ ಅನೇಕ ದೇಶಗಳಿಗೆ ಹಬ್ಬಿತು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬ್ಯಾಚಿನ ಗೆಳೆಯ ಮನೆಯ ಹಿಂದೆ ಬ್ಲೂಬೆರಿ, ರಾಸ್ಪ್‌ಬೆರಿ ಬೆಳೆದಿದ್ದಾನೆ. ಅವನದೂ ಇದೇ ಗೋಳು. ಅಲ್ಲಿ ಕಾಟ ಕೊಡುವುದು ಡ್ರೊಸೋಫಿಲ ಸುಜುಕಿ ಎಂಬ ಪುಟ್ಟ ನೊಣ. ಜೀವಶಾಸ್ತ್ರದ ಪುಸ್ತಕದಲ್ಲಿ ಬರುವ ಡ್ರೊಸೋಫಿಲದ ದಾಯಾದಿ. ಸಾಮಾನ್ಯ ಡ್ರೊಸೋಫಿಲ ಕೊಳೆತ ಹಣ್ಣಿಗೆ ಮಾತ್ರ ಹೋಗುತ್ತದೆ. ಇದರ ಹೆಣ್ಣಿಗೆ ಗರಗಸದಂಥ ಅಂಗವಿದೆ, ಗಿಡದಲ್ಲಿ ಹಣ್ಣಾಗುತ್ತಿರುವ ಒಳ್ಳೆಯ ಹಣ್ಣನ್ನೇ ಕೊಯ್ದು ಮೊಟ್ಟೆ ಇಡುತ್ತದೆ. ಪೂರ್ವ ಏಷ್ಯಾದ ಈ ನೊಣ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾಗಿ, ಕೆಲವೇ ವರ್ಷಗಳಲ್ಲಿ ಅಮೆರಿಕದ ಉದ್ದಗಲಕ್ಕೆ ಹರಡಿತು. ಅಲ್ಲಿಯ ಮನೆ ತೋಟದವರು ಮಾಡುವುದೇನು? ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಪರದೆ ಕಟ್ಟುತ್ತಾರೆ, ಹಣ್ಣಾದದ್ದನ್ನು ತಡಮಾಡದೆ ಕೊಯ್ದು ಫ್ರಿಜ್ಜಿಗೆ ಸೇರಿಸುತ್ತಾರೆ, ಉದುರಿದ್ದನ್ನು ಆರಿಸಿ ಚೀಲದಲ್ಲಿ ಕಟ್ಟುತ್ತಾರೆ. ಆ ದೇಶದಲ್ಲೂ ಮನೆಯಂಗಳಕ್ಕೆ ಹೇಳುವ ಉಪಾಯ ನಮ್ಮ ಅಜ್ಜಿಯರು ಪೊರಕೆ ಹಿಡಿದು ಮಾಡುತ್ತಿದ್ದ ಕೆಲಸವೇ.

ಇನ್ನು ಅಂಗಳದ ದ್ರಾಕ್ಷಿ ಚಪ್ಪರ ಮತ್ತು ಬೇಲಿಯ ಹಿಪ್ಪುನೇರಳೆ. ಎರಡಕ್ಕೂ ಬೀಳುವ ಶತ್ರು ಹಿಟ್ಟುತಿಗಣೆ. ಕುಡಿ ಮುರುಟಿಕೊಂಡು ತುಕ್ರ ಆಗುವುದು ಇದರಿಂದಲೇ ಎಂದು ರೇಷ್ಮೆಯವರಿಗೆ ಗೊತ್ತು. ಮುರುಟಿದ ಕುಡಿಯನ್ನು ಕತ್ತರಿಸಿ ಸುಟ್ಟುಹಾಕಿ. ಆಮೇಲೆ ಇರುವೆಗಳನ್ನು ಗಮನಿಸಿ. ಹಿಟ್ಟುತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ದನ ಕಾಯ್ದ ಹಾಗೆ ಕಾಯುತ್ತವೆ, ಅದನ್ನು ತಿನ್ನಲು ಬರುವ ಹುಳುಗಳನ್ನು ಓಡಿಸುತ್ತವೆ. ದ್ರಾಕ್ಷಿಯ ಕಾಂಡಕ್ಕೆ ಒಂದು ಪಟ್ಟಿ ಬಟ್ಟೆ ಸುತ್ತಿ, ಅದರ ಮೇಲೆ ಗ್ರೀಸಿನಂಥ ಅಂಟು ಬಳಿದರೆ ಇರುವೆ ಮೇಲೆ ಹತ್ತುವುದಿಲ್ಲ.

ಇರುವೆ ಹೋದ ಮೇಲೆ ನಮ್ಮ ಸ್ನೇಹಿತರು ಬರುತ್ತಾರೆ. ಗುಲಗಂಜಿ ಹುಳುವಿನ ಜಾತಿಯದೇ ಒಂದು ದುಂಬಿ, ಕ್ರಿಪ್ಟೊಲೀಮಸ್. ಕಾಫಿಯ ಕೀಟ ತಿನ್ನಿಸಲೆಂದು 1898ರಲ್ಲೇ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದದ್ದು. ಅದು ಹಿಟ್ಟುತಿಗಣೆಯನ್ನು ಹುಡುಕಿ ತಿನ್ನುತ್ತದೆ. ಇದರ ಮರಿ ನೋಡಲು ದೊಡ್ಡ ಹಿಟ್ಟುತಿಗಣೆಯ ಹಾಗೆಯೇ ಇರುತ್ತದೆ, ಮೈತುಂಬಾ ಬಿಳಿ ಮೇಣದ ಎಳೆಗಳು. ಗೊತ್ತಿಲ್ಲದವರು ಅದನ್ನೇ ಮೊದಲು ಹೊಸಕಿ ಹಾಕುತ್ತಾರೆ. ಗುರುತು ಸುಲಭ. ಹಿಟ್ಟುತಿಗಣೆ ಕೂತಲ್ಲೇ ಕೂತಿರುತ್ತದೆ, ಇದು ಚುರುಕಾಗಿ ಓಡಾಡುತ್ತದೆ.

ಇಂಥ ಸ್ನೇಹಿತರ ಶಕ್ತಿ ಎಷ್ಟು ಎಂಬುದಕ್ಕೆ ಇತ್ತೀಚಿನ ಉದಾಹರಣೆ ಇದೆ. ಪಪ್ಪಾಯದ ಹಿಟ್ಟುತಿಗಣೆ ಎಂಬ ಮೆಕ್ಸಿಕೊ ಮೂಲದ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಪಪ್ಪಾಯ, ಮರಗೆಣಸು, ಹಿಪ್ಪುನೇರಳೆ ತೋಟಗಳು ಬೆಳ್ಳಗಾದವು. ಔಷಧಿ ಹೊಡೆದು ಹೊಡೆದು ರೈತರು ಸೋತರು. ಆಗ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೀಟ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿದರು. ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ಬಿಟ್ಟ ಕೆಲವೇ ತಿಂಗಳುಗಳಲ್ಲಿ ತೋಟಗಳು ಚೇತರಿಸಿಕೊಂಡವು. ಕಣಜ ಬಿಟ್ಟ ಜಾಗದಲ್ಲಿ ವಿಷ ಹೊಡೆದರೆ ಅವು ಬದುಕುವುದಿಲ್ಲ. ಹಿತ್ತಲಿಗೂ ಇದೇ ನಿಯಮ. ಸ್ನೇಹಿತರನ್ನು ಕೊಂದು ಶತ್ರುವಿನ ಕಾಟ ತಪ್ಪಿಸಿಕೊಳ್ಳಲಾಗುವುದಿಲ್ಲ.

ಹಕ್ಕಿ, ಅಳಿಲು, ಬಾವಲಿಯ ಬಗ್ಗೆಯೂ ಕೇಳುತ್ತೀರಿ. ಪಿಕಳಾರ, ಗಿಳಿ, ಕೋಗಿಲೆ ಹಣ್ಣು ತಿನ್ನುವುದು ನಿಜ. ದಯವಿಟ್ಟು ತೆಳು ದಾರದ ಸಡಿಲ ಬಲೆಯನ್ನು ಮರದ ಮೇಲೆ ಎಸೆಯಬೇಡಿ. ಅದರಲ್ಲಿ ಹಕ್ಕಿ ಸಿಕ್ಕಿ ಸಾಯುತ್ತದೆ, ಇಲಿ ಹಿಡಿಯುವ ಕೇರೆಹಾವೂ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿ ಗೊಂಚಲಿಗೆ, ಹಿಪ್ಪುನೇರಳೆಯ ಒಂದೆರಡು ಕೊಂಬೆಗೆ ಸೊಳ್ಳೆಪರದೆ ಬಿಗಿಯಾಗಿ ಸುತ್ತಿದರೆ ಸಾಕು. ಎಟುಕದ ತುದಿಕೊಂಬೆ ಹಕ್ಕಿಗಿರಲಿ. ಹುಳ ಹಿಡಿದು ತಮ್ಮ ಮರಿಗಳಿಗೆ ಉಣಿಸುವ ಹಕ್ಕಿಗೆ ಅದು ಕೂಲಿ ಎಂದುಕೊಳ್ಳಿ. ಮಕ್ಕಳೇ, ಬಾವಲಿಯಾಗಲಿ ಹಕ್ಕಿಯಾಗಲಿ ಕಚ್ಚಿ ಬಿಟ್ಟ ಹಣ್ಣನ್ನು ಮಾತ್ರ ತಿನ್ನಬೇಡಿ. ಗಿಣಿ ಕಚ್ಚಿದ ಹಣ್ಣು ರುಚಿ ಎಂಬ ಮಾತು ಕೇಳಲು ಚೆಂದ, ಆದರೆ ನಿಪಾದಂಥ ಕಾಯಿಲೆಗಳು ಬಂದಿರುವ ಈ ಕಾಲದಲ್ಲಿ ಅದು ಬೇಡ.

ಮಾತು ಮುಗಿಸುವ ಮುನ್ನ ಒಂದು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ನಾವು ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡಬೇಕೆಂದು ಚರ್ಚೆ ನಡೆದಿದೆ. ಪ್ರೊಜೆಕ್ಟರ್, ಕುಡಿಯುವ ನೀರಿನ ಘಟಕ ಎಲ್ಲ ಬರಲಿ. ಅದರ ಜೊತೆಗೆ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಹತ್ತು ಸೀಬೆ ಗಿಡ, ಬೇಲಿಗೆ ಹಿಪ್ಪುನೇರಳೆ, ಹಣ್ಣಿಗಾಗಿಯೇ ಬೆಳೆಸಿ ಎಂದು ಕೇಳುತ್ತೇನೆ. ಗಿಡದ ಮತ್ತು ಬಲೆಯ ಖರ್ಚು ನಮ್ಮ ಬ್ಯಾಚಿನದು. ಎಂಟನೇ ತರಗತಿಯ ಮಕ್ಕಳು ಶನಿವಾರ ಬೆಳಿಗ್ಗೆ ಬಲೆಯಲ್ಲಿ ಬಿದ್ದ ನೊಣ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಗಣಿತದ ಮೇಷ್ಟ್ರು ಆ ಲೆಕ್ಕದಿಂದ ನಕ್ಷೆ ಹಾಕಿಸಲಿ, ವಿಜ್ಞಾನದ ಮೇಡಂ ನೊಣದ ನಾಲ್ಕು ಹಂತಗಳನ್ನು ಗಾಜಿನ ಸೀಸೆಯಲ್ಲೇ ತೋರಿಸಲಿ. ಎಣಿಕೆ ಏರಿದ ವಾರ ಮಕ್ಕಳು ಮನೆಗೆ ಬಂದು "ಅಮ್ಮಾ, ಈ ವಾರ ನೊಣ ಜಾಸ್ತಿ, ಹಣ್ಣು ಆರಿಸಬೇಕು" ಎಂದು ಹೇಳಿದರೆ, ದೊಡ್ಡವರು ಬೈಯದೆ ಜೊತೆಗೆ ಹೊರಡಿ. ಒಂದು ಬೀದಿಯವರು ಒಂದು ಮಳೆಗಾಲ ಒಟ್ಟಿಗೆ ಮಾಡಿ ನೋಡಿ. ಫಲ ಕಂಡರೆ ಪಕ್ಕದ ಬೀದಿಯವರು ತಾವಾಗಿ ಕೇಳುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಹತ್ತಿರ ಇರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂದು ಅದರ ಅರ್ಥ. ಉಳಿದಿರುವ ನಾಲ್ಕು ಮರಗಳ ಬೆಲೆ ಅವು ಇರುವಾಗಲೇ ತಿಳಿಯಲಿ. ಗುಂಡಿ ತೋಡಲು ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಶಾಲೆಯ ಹಿಂದೆ ಇರುತ್ತೇನೆ. ಗುದ್ದಲಿ, ಹಾರೆ ಇರುವವರು ತನ್ನಿ.